ಕಳೆದುಹೋದ ಅರ್ಧ ತಾಸು
(ಬಾನುಲಿ ಭಾಷಣ)

ಒಬ್ಬ ಗಾಯಕರನ್ನು ಇನ್ನೊಬ್ಬರೊಡನೆ ಹೋಲಿಸುವವರು ಎಲ್ಲ ಕಡೆಯೂ ಉಂಟು. ನಮ್ಮ ಧಾರವಾಡ ಸೀಮೆಯ ರಸಿಕರಿಗೆ ಅಷ್ಟರಿಂದ ತೃಪ್ತಿಯಾಗುವುದಿಲ್ಲ. ಅವರು ಗಾಯಕರನ್ನು ಅವರೊಡನೆಯೇ ಹೋಲಿಸುತ್ತಾರೆ. ಹೋದ ವರ್ಷದ ಮಾರವಾ ಹೆಚ್ಚೋ ಈ ವರ್ಷದ್ದು ಹೆಚ್ಚೋ, ಧ್ವನಿಮುದ್ರಿಕೆಯ ಭೈರವ ನಿಜವೋ ಬೈಠಕ್ಕಿನ ಭೈರವ ನಿಜವೋ ಎಂದು ಚಹದಂಗಡಿಯ ಬಾಕಿನ ಮೇಲೆ ಕುಳಿತು ವಾದಿಸುತ್ತಾರೆ. ಇಂಥ ವಾದಗಳಲ್ಲಿ ನಾನೂ ಪಾಲುಗೊಂಡವನು, ಒಂದರಲ್ಲಿ ಸೋತವನು. ಆ ಸೋಲಿನ ಸಂಗತಿಯನ್ನು ಶ್ರೋತೃಗಳಾದ ತಮ್ಮ ಮುಂದೆ ಇಡಬಯಸುತ್ತೇನೆ.

ಕುಂದಗೋಳ ನನ್ನ ತಾಯಿಯ ತವರು. ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆನೆಲದ ಊರು. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು (೧೮೮೬–೧೯೫೨) ಅದಕ್ಕೆ ಹೆಸರು ತಂದರು. ಅವರು ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಭೀಮಸೇನ ಜೋಶಿಯವರು ಗುರುಸೇವೆ ಮಾಡುತ್ತ ಕಲಿತದ್ದು ಇಲ್ಲಿಯೇ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದುದೂ ಇಲ್ಲಿಗೇ. ಆ ಗುರುಗಳ ಸ್ಮರಣೆಗಾಗಿ ನಾಡಿಗೇರರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ.

ನನ್ನ ಸೋದರಮಾವ ಒಕ್ಕಲುತನದವರು. ಅವರ ಬಳಿ ಕೀಲಿ ಕೊಡುವ ಗ್ರಾಮಫೋನು, ಒಂದು ಪೆಟ್ಟಿಗೆಯ ತುಂಬ ಪ್ಲೇಟುಗಳು ಇದ್ದವು. ಗಂಗೂಬಾಯಿಯವರು ೧೯೩೦ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿಕೊಟ್ಟ ಮುದ್ರಿಕೆಯೂ ಅವುಗಳಲ್ಲಿತ್ತು. ಅದರಲ್ಲಿಯ ದನಿ ತೆಳುವಾದದ್ದು, ಎತ್ತರದ್ದು. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಆ ದನಿ ಇಳಿದು, ಗಂಡುದನಿಯೆಂಬಷ್ಟು ಘನವಾಯಿತು. ಗುಣವಂತರಾದ ಕಲಾವಿದರು ಕುಂದನ್ನೇ ಐಶ್ವರ್ಯ ಮಾಡಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ. ಆದರೆ ಮಾವ ಒಪ್ಪುತ್ತಿರಲಿಲ್ಲ. ‘ಪ್ಲೇಟಿನಾಗಿನ ಗಂಗವ್ವನ ಖರೇ ಗಂಗವ್ವ’ ಎಂಬುದು ಅವರ ಪಕ್ಷ. ಎಂ.ಎ. ಮುಗಿಸಿ ಅಧ್ಯಾಪಕನಾಗಿದ್ದ ನನ್ನದು ಬೈಠಕ್ಕಿನ ಪಕ್ಷ. ಮೂರು ನಿಮಿಷದ ಮುದ್ರಿಕೆಯಲ್ಲಿ ರಾಗದ ಗುರುತು ಸಿಕ್ಕೀತೇ ಹೊರತು ರಾಗ ಸಿಕ್ಕುವುದಿಲ್ಲವೆಂದು ನಾನು ಉಪನ್ಯಾಸ ಕೊಡುತ್ತಿದ್ದೆ.

ಎಂಬತ್ತರ ದಶಕದ ಆದಿಯಲ್ಲಿ ಒಂದು ರಾತ್ರಿ ನಾವಿಬ್ಬರೂ ವಾಡೆಗೆ ಹೋದೆವು. ಹೊರಗೆ ಜಿಟಿಜಿಟಿ ಮಳೆ. ನಾನು ಎರವಲು ತಂದ ಟೇಪ್‌ರೆಕಾರ್ಡರನ್ನು ಕಂಬದ ಬುಡದಲ್ಲಿಟ್ಟಿದ್ದೆ. ಎಪ್ಪತ್ತರ ಹತ್ತಿರದ ಗಂಗೂಬಾಯಿಯವರು ಶುದ್ಧಕಲ್ಯಾಣವನ್ನು ಎತ್ತಿಕೊಂಡರು. ಹಿಂದೆ ಮಗಳು ಕೃಷ್ಣಾ ಅವರ ದನಿ. ಮೊದಲ ಅರ್ಧ ತಾಸು ಗಂಟಲು ಸಹಕರಿಸಲಿಲ್ಲ. ಮಂದ್ರದಲ್ಲಿಯೇ ಸುಳಿದಾಡಿದರು; ಒಂದು ಸ್ವರದ ಮೇಲೆ ನಿಂತು, ಬಿಟ್ಟು, ಮತ್ತೆ ಅಲ್ಲಿಗೇ ಬಂದರು. ಕೇಳುವವರಿಗೂ ಅದು ಪರೀಕ್ಷೆಯ ಸಮಯ. ಆಮೇಲೆ ಯಾವ ಘಳಿಗೆಯಲ್ಲಿ ದನಿ ತೆರೆಯಿತೋ ತಿಳಿಯಲಿಲ್ಲ. ತಾರಷಡ್ಜಕ್ಕೆ ಹೋಗಿ ನಿಂತಾಗ ಇಡೀ ವಾಡೆ ಉಸಿರು ಬಿಟ್ಟಿತು. ಪಕ್ಕದಲ್ಲಿ ಮಾವ ರುಮಾಲಿನ ತುದಿಯಿಂದ ಕಣ್ಣೊರಸಿಕೊಂಡರು. ವಾದದಲ್ಲಿ ಗೆದ್ದೆನೆಂದು ನಾನು ಹಿಗ್ಗಿದೆ.

ಮಾಡಬಾರದ್ದನ್ನು ಮಾಡಿದ್ದು ಆ ಮೇಲೆ. ನನ್ನ ಬಳಿ ಎರಡು ಕ್ಯಾಸೆಟ್ಟುಗಳಲ್ಲಿ ತುಂಬಿದ ಗಾಯನವಿತ್ತು. ಗೆಳೆಯರಿಗೆ ಕೇಳಿಸಲು ಅದನ್ನು ಒಂದು ತಾಸಿನ ಒಂದೇ ಕ್ಯಾಸೆಟ್ಟಿಗೆ ಇಳಿಸಿದೆ. ಸ್ವರ ಜಾರಿದ್ದ, ದನಿ ಒಡೆದಿದ್ದ ಆ ಮೊದಲ ಅರ್ಧ ತಾಸನ್ನು ಬಿಟ್ಟುಬಿಟ್ಟೆ. ಕಲಾವಿದೆಯ ಮಾನ ಕಾಯುತ್ತಿದ್ದೇನೆಂಬ ಭಾವನೆ ಬೇರೆ! ಕ್ಯಾಸೆಟ್ಟಿಗೆ ದುಡ್ಡು ಹೊಂದಿಸುವುದು ಕಷ್ಟವಾಗಿದ್ದ ಕಾಲ; ಮೂಲ ಕ್ಯಾಸೆಟ್ಟುಗಳ ಮೇಲೆ ಸಾಹಿತ್ಯೋಪನ್ಯಾಸಗಳನ್ನು ಮುದ್ರಿಸಿಕೊಂಡೆ.

ಹೊಸ ಕ್ಯಾಸೆಟ್ಟನ್ನು ಮಾವನಿಗೆ ಕೇಳಿಸಿದೆ. ಅವರು ಕೊನೆಯವರೆಗೆ ಸುಮ್ಮನೆ ಕುಳಿತಿದ್ದರು. ಬಳಿಕ ಅಂದರು: ‘ಮ್ಯಾಲಿನ ಸಾ ಇಟ್ಟೀದಿ, ಅಲ್ಲಿಗೆ ಹೋಗೂ ಹಾದಿ ತಗದೀದಿ. ಪ್ಲೇಟಿನವರಿಗೆ ಮೂರು ನಿಮಿಷದಾಗ ಮುಗಸೂ ಜುಲುಮಿ ಇತ್ತು. ನಿನಗ ಯಾ ಜುಲುಮಿ ಇತ್ತೋ ತಮ್ಮಾ?’

ಉತ್ತರವಿರಲಿಲ್ಲ. ಕಿರಾಣಾ ಗಾಯಕಿಯ ಜೀವಾಳವೇ ಒಂದೊಂದು ಸ್ವರವಾಗಿ ರಾಗವನ್ನು ಬೆಳೆಸುವ ಆಲಾಪ. ತಾರಷಡ್ಜಕ್ಕೆ ಮಹತ್ವ ಬರುವುದು ಅದು ಎತ್ತರದ ಸ್ವರವೆಂದಲ್ಲ. ಅಷ್ಟು ಹೊತ್ತು ಅದಕ್ಕಾಗಿ ಕಾದಿದ್ದೇವೆಂದು. ನನ್ನ ಕ್ಯಾಸೆಟ್ಟಿನಲ್ಲಿ ಅದೇ ಕಂಠದ ಅದೇ ಸ್ವರವಿತ್ತು, ಅದರ ಅರ್ಥವಿರಲಿಲ್ಲ.

ಗಂಗೂಬಾಯಿಯವರು ೨೦೦೯ರಲ್ಲಿ ತೀರಿಕೊಂಡರು. ಮಾವ ಅದಕ್ಕೂ ಮುಂಚೆ. ಆದರೆ ಆ ಕ್ಯಾಸೆಟ್ಟಿನ ಸಂತಾನ ಬೆಳೆದಿದೆ. ಪ್ರತಿಯಿಂದ ಪ್ರತಿಯಾಗಿ, ಈಗ ತರುಣರ ಮೊಬೈಲುಗಳಲ್ಲಿ ಸೇರಿಕೊಂಡಿದೆ. ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಸಂಗೀತವನ್ನು ಶ್ರದ್ಧೆಯಿಂದ ಕೇಳುವವನು. ಈ ಮುದ್ರಣವನ್ನು ಬೇರೆ ಮುದ್ರಣಗಳೊಡನೆ ಹೋಲಿಸಿ ಒಂದು ಸಿದ್ಧಾಂತ ಕಟ್ಟಿದ್ದ: ‘ವಯಸ್ಸಾದಂತೆ ಬಾಯಿಯವರು ಆಲಾಪವನ್ನು ಅವಸರದಲ್ಲಿ ಮುಗಿಸುತ್ತಿದ್ದರು, ಅಲ್ಲವೇ ಸರ್?’ ಆ ಅವಸರ ಅವರದಲ್ಲಪ್ಪಾ, ನನ್ನದು ಎಂದು ಹೇಳಬೇಕಾಯಿತು. ಹೇಳುವಾಗ ನನ್ನ ದನಿಯೂ ಒಡೆಯಿತು.

ಹೋಲಿಕೆ ತಪ್ಪೆಂದು ನಾನು ಹೇಳುವುದಿಲ್ಲ. ಹೋಲಿಸದೆ ಕಿವಿ ಹದಗೊಳ್ಳುವುದಿಲ್ಲ. ಈ ಸೀಮೆಯ ರಸಿಕತೆ ಬೆಳೆದದ್ದು ಆ ಬಾಕಿನ ಮೇಲಿನ ಜಗಳಗಳಿಂದಲೇ. ಆದರೆ ಎರಡು ಮುದ್ರಣಗಳನ್ನು ತೂಗುವ ಮುನ್ನ, ಇವುಗಳಲ್ಲಿ ಇಲ್ಲದ್ದೇನು, ಅದನ್ನು ತೆಗೆದವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು. ತಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಬೈಠಕ್ಕಿನ ಪೂರ್ಣ ಮುದ್ರಣವಿದ್ದರೆ, ಕೆಮ್ಮು, ಅಪಸ್ವರ, ಮಳೆಯ ಸಪ್ಪಳ ಸಹಿತವಾಗಿ ಅದನ್ನು ಹಾಗೆಯೇ ಕಾಪಾಡಿರಿ. ನನ್ನ ಬಿನ್ನಹ ಇಷ್ಟೇ.