ಅಶರೀರವಾಣಿಗೆ ಹೂಂಗುಟ್ಟುವವರು ಯಾರು?

(ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ಹಿಂದಿನ ಸಾಲಿನಲ್ಲಿ ನೋಟ್‌ಬುಕ್ಕಿನ ಮರೆಯಲ್ಲಿ ಮೊಬೈಲ್ ಇಟ್ಟುಕೊಂಡು ಕೆಲವು ವಿದ್ಯಾರ್ಥಿಗಳು ಕೂತಿದ್ದಾರೆ. ಆ ಮೊಬೈಲನ್ನು ಒಳಗಿಡಿ ಎಂದು ನಾನು ಹೇಳುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ನನಗೆ ಕೊಟ್ಟ ವಿಷಯ 'ಮಾನವ ಸಂವಹನದ ಮೂಲತತ್ತ್ವಗಳು ಮತ್ತು ಅಂತರ್ಜಾಲ'. ವಿಷಯ ದೊಡ್ಡದು, ಕೊಟ್ಟಿರುವ ಹೊತ್ತು ಚಿಕ್ಕದು. ಹಾಗಾಗಿ ಒಂದೇ ಒಂದು ಸಣ್ಣ ಸದ್ದನ್ನು ಹಿಡಿದು ಹೊರಡುತ್ತೇನೆ: 'ಹೂಂ'.

1. ಕತೆ ನಿಲ್ಲಿಸುತ್ತಿದ್ದ ಅಜ್ಜಿ

ನಮ್ಮಜ್ಜಿ ರಾತ್ರಿ ಕತೆ ಹೇಳಬೇಕಾದರೆ ಒಂದು ಷರತ್ತಿತ್ತು. ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟುತ್ತಿರಬೇಕು. 'ಒಂದೂರಲ್ಲಿ ಒಬ್ಬ ರಾಜ ಇದ್ದ.' ಹೂಂ. 'ಅವನಿಗೆ ಏಳು ಜನ ಗಂಡುಮಕ್ಕಳು.' ಹೂಂ. ಹೂಂ ತಡವಾದರೆ ಕತೆಯೂ ತಡೆಯುತ್ತಿತ್ತು. 'ಯಾಕ್ಲಾ ಮಗ, ನಿದ್ದೆ ಬಂತಾ?' ಎರಡನೆಯ ಸಲವೂ ಉತ್ತರ ಬರಲಿಲ್ಲವೆಂದರೆ ಕತೆ ಅಲ್ಲಿಗೇ ಬಂದ್. ಕಾಡಿನಲ್ಲಿದ್ದ ರಾಜಕುಮಾರ ಆ ರಾತ್ರಿ ಕಾಡಿನಲ್ಲೇ ಮಲಗಬೇಕು. ಮಾರನೆಯ ದಿನ 'ಎಲ್ಲಿಗೆ ಬಂದಿತ್ತು?' ಎಂದು ಅವಳೇ ನಮ್ಮನ್ನು ಕೇಳುವಳು.

ಇದು ನಮ್ಮ ಮನೆಯೊಂದರ ಪದ್ಧತಿಯಲ್ಲ. ಕನ್ನಡ ನಾಡಿನಲ್ಲಿ ಕತೆ ಇರುವ ಕಡೆಯೆಲ್ಲ ಹೂಂಗುಟ್ಟುವವರು ಇದ್ದರು. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡುವಾಗಲೂ ಹಿಮ್ಮೇಳವಿಲ್ಲದೆ ಮುಮ್ಮೇಳವಿಲ್ಲ.

ಒಂದು ಸೂಕ್ಷ್ಮ ಗಮನಿಸಿ. 'ರಾಕ್ಷಸ ಬಂದು ರಾಜಕುಮಾರಿಯನ್ನು ಹೊತ್ತುಕೊಂಡು ಹೋದ' ಎಂದಾಗಲೂ ನಾವು ಹೂಂ ಎನ್ನುತ್ತಿದ್ದೆವು. ರಾಕ್ಷಸ ಮಾಡಿದ್ದು ಸರಿ ಅಂತಲ್ಲ. ಆ ಹೂಂಗೆ ಇದ್ದ ಅರ್ಥ ಒಂದೇ: 'ಇಲ್ಲೇ ಇದ್ದೀನಿ, ಕೇಳಿಸ್ಕೊಂಡೆ, ಮುಂದೆ ಹೇಳು.' ಈ ರಾಕ್ಷಸನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

2. ಸಾಗಣೆಯ ಲೆಕ್ಕ, ಮಾತಿನ ಲೆಕ್ಕ

'ಸಂವಹನ' ಎಂಬ ಪದದೊಳಗೇ ಒಂದು ಗಾಡಿ ಕೂತಿದೆ. ವಹನ ಎಂದರೆ ಹೊರುವುದು. ಇಲ್ಲಿಂದ ಮೂಟೆ ಹೊತ್ತು ಅಲ್ಲಿ ಇಳಿಸಿದರೆ ಕೆಲಸ ಮುಗಿಯಿತು ಎಂಬ ಭಾವ ಅದರಲ್ಲಿದೆ. 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್ ಈ ಸಾಗಣೆಗೆ ಗಣಿತ ಬರೆದ. ಕಳಿಸುವವನು, ದಾರಿ, ದಾರಿಯಲ್ಲಿ ಸೇರುವ ಗದ್ದಲ, ಪಡೆಯುವವನು. ಇವತ್ತು ನಮ್ಮ ಕೈಯಲ್ಲಿರುವ ಫೋನು ಆ ಗಣಿತದ ಮೊಮ್ಮಗು. ಆದರೆ ಶ್ಯಾನನ್ ಪ್ರಾಮಾಣಿಕ. ಸಂದೇಶದ ಅರ್ಥಕ್ಕೂ ತನ್ನ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಟ್ಟ. ಅವನು ಬಿಟ್ಟುಹೋದ ಆ ಅರ್ಥವೇ ನಮ್ಮ ಜಗಳಗಳೆಲ್ಲದರ ಮೂಲ.

ಮನುಷ್ಯರ ಮಾತು ಸಾಗಣೆಯಲ್ಲ. 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು ನೋಡಿದವರಿಗೆ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಎಂದು ಕಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರಕ್ಕೆ ಸಿದ್ಧವಾಗಿರುತ್ತೇವೆ. ಮಾತು ಇಬ್ಬರೂ ಸೇರಿ ಮಾಡುವ ವಸ್ತು.

ಈ ಊರಿನ ಹೆಸರಿನಲ್ಲೇ ಅದಕ್ಕೆ ಉಪಮೆ ಇದೆ. ಕುಂಬಾರ ತಿಗರಿಯ ಮೇಲೆ ಮಣ್ಣನ್ನು ಎತ್ತುವಾಗ ನಮಗೆ ಕಾಣುವುದು ಹೊರಗಿನ ಕೈ. ಒಳಗಿನ ಕೈ ಕಾಣುವುದಿಲ್ಲ. ಒಳಗಿನ ಕೈ ತೆಗೆದರೆ ಹೊರಗಿನ ಕೈಯ ಒತ್ತಡಕ್ಕೇ ಮಡಕೆ ಕುಸಿದು ಕೂರುತ್ತದೆ. ಆಡುವವರ ಬಾಯಿ ಹೊರಗಿನ ಕೈ, ಕೇಳುವವರ ಕಿವಿ ಒಳಗಿನ ಕೈ. ಸಂವಹನದ ಮೂಲತತ್ತ್ವ ಎಂದು ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿಸ್ತಾರ.

3. ಒಂಟಿಕೊಪ್ಪಲಿನ ಅಶರೀರವಾಣಿ

ಇಲ್ಲಿಂದ ಒಂಟಿಕೊಪ್ಪಲು ದೂರವೇನಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅಲ್ಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎನ್ನುತ್ತಾರೆ. ಮುಂದೆ ಇಡೀ ದೇಶದ ಬಾನುಲಿಗೇ ಮೈಸೂರಿನ ಆ ಹೆಸರು ಬಂತು.

ಹೆಸರು ಎಷ್ಟು ಸರಿಯಾಗಿ ಕೂತಿದೆ ನೋಡಿ. ಪುರಾಣದಲ್ಲಿ ಕಂಸ ತಂಗಿಯ ರಥ ಹೊಡೆಯುತ್ತಿದ್ದಾಗ ಆಕಾಶದಿಂದ ಮಾತು ಕೇಳಿಸುತ್ತದೆ: ಇವಳ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ. 'ಯಾರಪ್ಪಾ ನೀನು? ಸ್ವಲ್ಪ ಬಿಡಿಸಿ ಹೇಳು' ಎಂದು ಕಂಸ ಕೇಳುವ ಹಾಗಿಲ್ಲ. ಅಶರೀರವಾಣಿಗೆ ಕಿವಿ ಇಲ್ಲ. ಕೇಳಿದವನು ಆ ಕ್ಷಣವೇ ಕತ್ತಿ ಎಳೆದ.

ರೇಡಿಯೋದವರಿಗೆ ಈ ಕೊರತೆ ಗೊತ್ತಿತ್ತು. ಹಾಗಾಗಿ ಕೇಳುಗರ ಪತ್ರಗಳನ್ನು ಓದಿದರು, ಕೋರಿಕೆಯ ಚಿತ್ರಗೀತೆಗೆ ಮೊದಲು ಊರು, ಹೆಸರು ಹೇಳಿದರು. ಹಾಡು ನಮಗೆ ಮೊದಲೇ ಬಾಯಿಪಾಠ. ಆದರೂ ರೇಡಿಯೋ ಪಕ್ಕ ಕಿವಿಯಿಟ್ಟು ಕೂರುತ್ತಿದ್ದುದು ಆ ಹೆಸರಿನ ಪಟ್ಟಿಗಾಗಿ. ಕಾರ್ಡು ಬರೆದು ಹದಿನೈದು ದಿನಕ್ಕೆ ಬಂದ ಹೂಂ ಅದು.

ಅಂತರ್ಜಾಲ ಬಂದಾಗ, ಇನ್ನು ಆಕಾಶಕ್ಕೂ ಕಿವಿ ಬಂತು ಎಂದು ನಾವು ಹಿಗ್ಗಿದೆವು. ಎಲ್ಲರಿಗೂ ಬಾಯಿ ಬಂದದ್ದು ನಿಜ. ಕಿವಿಯ ಕತೆ ಏನಾಯಿತು?

4. ಆಯ್ತು ಬಿಡು

ನನ್ನದೇ ಪೆಟ್ಟು ಹೇಳುತ್ತೇನೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ತಂಗಿ ಬರೆದಳು: 'ಈ ಸಲ ಹಬ್ಬಕ್ಕೆ ಬರೋಕೆ ಆಗಲ್ಲ ಅಣ್ಣ.' ನಾನು ಬಸ್ಸಿನಲ್ಲಿ ನಿಂತಿದ್ದೆ. ಒಂದೇ ಕೈಯಲ್ಲಿ ಒತ್ತಿದೆ: 'ಆಯ್ತು ಬಿಡು.' ಪರವಾಗಿಲ್ಲ, ಚಿಂತೆ ಮಾಡಬೇಡ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವಳು ಓದಿದ್ದು: 'ನೀನು ಬಂದರೆಷ್ಟು, ಬಿಟ್ಟರೆಷ್ಟು.' ಮೂರು ವಾರ ಮಾತಿಲ್ಲ.

ತಪ್ಪು ಯಾರದು? 'ಆಯ್ತು ಬಿಡು' ಎಂಬ ಎರಡು ಪದಗಳಲ್ಲಿ ಒಪ್ಪಿಗೆಯಿದೆ, ಸಮಾಧಾನವಿದೆ, ಬೇಸರವಿದೆ, ಮುನಿಸಿದೆ. ಯಾವುದೆಂದು ಹೇಳುವುದು ದನಿ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನಿ' ಎಂದು ಸಿದ್ಧಾಂತ ಮಾಡಿದ್ದು, ಮಾತಿನ ನೇರ ಅರ್ಥದಾಚೆ ಹೊಳೆಯುವ ಅರ್ಥವನ್ನು. ಅದು ಹೊಳೆಯಲು ಸಹೃದಯ ಬೇಕು ಎಂದೂ ನಮ್ಮ ಹಿಂದಿನವರು ಹೇಳಿದರು. ಪರದೆಯ ಮೇಲೆ ಅಕ್ಷರ ಮಾತ್ರ ಹೋಗಿ ಕೂರುತ್ತದೆ. ಧ್ವನಿಯನ್ನು ಓದುವವರು ತಮ್ಮ ಅವತ್ತಿನ ಮನಸ್ಸಿನಿಂದ ತುಂಬಿಕೊಳ್ಳುತ್ತಾರೆ.

2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನೇ ಲೆಕ್ಕದಲ್ಲಿ ತೋರಿಸಿತು. ವ್ಯಂಗ್ಯದ ಮಾತು, ಗಂಭೀರ ಮಾತು ಎರಡನ್ನೂ ಕೆಲವರು ಇಮೇಲಿನಲ್ಲಿ ಕಳಿಸಿದರು, ಕೆಲವರು ದನಿಯಲ್ಲಿ ಹೇಳಿದರು. ಯಾವ ದಾರಿಯಾದರೂ ನೂರಕ್ಕೆ ಸುಮಾರು 78 ಸಲ ಸರಿಯಾಗಿ ಅರ್ಥವಾಗುತ್ತದೆ ಎಂಬುದು ಕಳಿಸಿದವರ ನಂಬಿಕೆ. ದನಿ ಕೇಳಿದವರು 73 ಸಲ ಸರಿ ಹೇಳಿದರು. ಇಮೇಲ್ ಓದಿದವರು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಿಗುತ್ತಿತ್ತು! ಬರೆಯುವಾಗ ನಮ್ಮ ದನಿ ನಮ್ಮ ತಲೆಯಲ್ಲಿ ಕೇಳಿಸುತ್ತಿರುತ್ತದೆ. ಅದು ಅತ್ತಲೂ ಕೇಳಿಸುತ್ತಿದೆ ಎಂದುಕೊಳ್ಳುವುದೇ ಮೋಸ.

ಇಲ್ಲೊಂದು ಎಚ್ಚರಿಕೆ. 'ಸಂವಹನದಲ್ಲಿ ಪದದ ಪಾಲು ಶೇಕಡಾ 7 ಮಾತ್ರ, ಉಳಿದದ್ದು ದನಿ ಮತ್ತು ಮುಖ' ಎಂಬ ಮಾತನ್ನು ತರಬೇತಿ ಶಿಬಿರಗಳಲ್ಲಿ ಕೇಳಿರುತ್ತೀರಿ. ಅದಕ್ಕೆ ಮೂಲವಾದ, ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು ಒಂದೊಂದೇ ಪದ ಬಳಸಿ, ಇಷ್ಟಾನಿಷ್ಟದ ಭಾವವನ್ನು ಮಾತ್ರ ಅಳೆದವು. ಎಲ್ಲ ಮಾತಿಗೂ ಆ ಲೆಕ್ಕ ಹಚ್ಚುವಂತಿಲ್ಲ. ಪದಕ್ಕೆ ಅಷ್ಟೇ ಬೆಲೆಯಿದ್ದರೆ ತಮಿಳು ಬಾರದವರಿಗೂ ತಮಿಳು ಸಿನಿಮಾ ಪೂರ್ತಿ ಅರ್ಥವಾಗಬೇಕಿತ್ತು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಕನ್ನಡ ಲಿಪಿ ಫೋನಿನಲ್ಲಿ ಸಲೀಸಾಗಿ ಮೂಡುವ ಈ ಹೊತ್ತಿನಲ್ಲೂ ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತೇವೆ. ಆಗ ಕಲ್ಲಿಗೂ ಕಳ್ಳಿಗೂ ಒಂದೇ ಕಾಗುಣಿತ. 'ಕಲ್ಲು ತಂದಿದ್ದೀನಿ, ಎಲ್ಲಿ ಇಳಿಸಲಿ?' ಎಂದು ಗಾರೆ ಕೆಲಸದವರು ಕಳಿಸಿದ ಸಂದೇಶವನ್ನು ಮನೆಯವರು ಹೇಗೆ ಓದಿಕೊಂಡರು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ತಂಗಿಯ ವಿಷಯ ಮುಗಿಸುತ್ತೇನೆ. ಕೊನೆಗೆ ಬಸ್ಸು ಹತ್ತಿ ಅವಳ ಮನೆಗೇ ಹೋದೆ. ಕಾಫಿ ಲೋಟ ಕೈಗಿಟ್ಟು, ನಾನು ಸಮಜಾಯಿಷಿ ಶುರುಮಾಡುವ ಮೊದಲೇ ನಕ್ಕು ಅವಳು ಹೇಳಿದ್ದೂ ಅದೇ: 'ಆಯ್ತು ಬಿಡು.'

5. ಹೂಂ ಮತ್ತು ಲೈಕ್

ಫೇಸ್‌ಬುಕ್ಕಿನಲ್ಲಿ 'ಲೈಕ್' ಬಂದದ್ದು 2009ರಲ್ಲಿ. ವಾಟ್ಸಾಪಿನ ನೀಲಿ ಗೀಟು ಬಂದದ್ದು 2014ರಲ್ಲಿ. ಎರಡೂ ಯಂತ್ರ ಹೇಳುವ ಹೂಂ. ಆದರೆ ಅಜ್ಜಿಯ ಹೂಂಗೂ ಇವಕ್ಕೂ ದೊಡ್ಡ ವ್ಯತ್ಯಾಸವಿದೆ.

ನೀಲಿ ಗೀಟು ಹೇಳುವುದು 'ಅವರು ತೆರೆದು ನೋಡಿದರು' ಎಂದು. ಕೇಳಿಸಿಕೊಂಡರು ಎಂದಲ್ಲ. ಆದರೂ ಉತ್ತರ ಬಾರದಿದ್ದರೆ ನಮಗೆ ಅವಮಾನ. ಲೈಕ್‌ನದು ಇನ್ನೂ ಫಜೀತಿ. ಅಲ್ಲಿ 'ಕೇಳಿಸಿಕೊಂಡೆ' ಎನ್ನುವುದೂ 'ಮೆಚ್ಚಿದೆ' ಎನ್ನುವುದೂ ಒಂದೇ ಗುಂಡಿ. ರಾಕ್ಷಸ ನೆನಪಿದ್ದಾನಲ್ಲ? ರಾಜಕುಮಾರಿಯನ್ನು ಹೊತ್ತೊಯ್ದವನ ಕತೆಗೆ ಹೂಂ ಎನ್ನಬಹುದಿತ್ತು. ಹೆಬ್ಬೆಟ್ಟು ಒತ್ತಲಾಗುವುದಿಲ್ಲ. 'ನಿನ್ನ ಮಾತು ಕೇಳಿದೆ, ಒಪ್ಪಲಾರೆ, ಮುಂದೆ ಹೇಳು' ಎಂಬುದಕ್ಕೆ ಗುಂಡಿಯೇ ಇಲ್ಲ. ಒಪ್ಪದವನು ಸುಮ್ಮನಿರಬೇಕು, ಇಲ್ಲವೇ ಬೈಯಬೇಕು. ಬೈಗುಳ ಸುಲಭ, ಏಕೆಂದರೆ ಎದುರಿಗೆ ಮುಖವಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ಇದನ್ನು ಗುರುತಿಸಿದ. ತಾನು ಕಾಣುವುದಿಲ್ಲ, ಎದುರಿನವರ ಪ್ರತಿಕ್ರಿಯೆಯೂ ಆ ಕ್ಷಣಕ್ಕೆ ಕಾಣುವುದಿಲ್ಲ ಎಂದಾಗ ಮನುಷ್ಯನ ಲಗಾಮು ಸಡಿಲವಾಗುತ್ತದೆ. ಬೀದಿಯಲ್ಲಿ 'ನಮಸ್ಕಾರ ಸಾರ್, ಕಾಫಿ ಆಯ್ತಾ?' ಎನ್ನುವ ಹುಡುಗ, ಪರದೆಯಲ್ಲಿ ಅದೇ ಸಾರ್‌ಗೆ ಏಕವಚನದಲ್ಲಿ ಬರೆಯುತ್ತಾನೆ.

ಸಡಿಲವಾದ ಲಗಾಮಿನಿಂದ ಒಳ್ಳೆಯದೂ ಆಗುತ್ತದೆ ಎಂದು ಸೂಲರ್ ಸೇರಿಸಿದ್ದ. ಅದನ್ನು ಮರೆಯಬಾರದು. ಅರಳಿಕಟ್ಟೆಯ ಹರಟೆಯನ್ನು ನಾವು ಬಹಳ ಹೊಗಳುತ್ತೇವೆ. ಆ ಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿತ್ತೇ? ಕೇರಿಯವರಿಗೆ ಜಾಗವಿತ್ತೇ? ಉಗ್ಗುವ ಹುಡುಗನ ಮಾತು ಮುಗಿಯುವವರೆಗೆ ಯಾರಾದರೂ ಕಾದರೇ? ಇವತ್ತು ಅವರೆಲ್ಲ ಬರೆಯುತ್ತಿದ್ದಾರೆ. ಹತ್ತಿರದ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಗೆ ಬರುವ, ಕಿವಿ ಕೇಳದ ಇಬ್ಬರು ಗೆಳೆಯರು ವಿಡಿಯೋ ಕರೆಯಲ್ಲಿ ಕೈಸನ್ನೆಯಲ್ಲಿ ಹರಟುವುದನ್ನು ಒಮ್ಮೆ ನೋಡಿ. ಒಬ್ಬರ ಕೈ ಆಡುತ್ತಿದ್ದರೆ ಇನ್ನೊಬ್ಬರ ತಲೆ ಆಡುತ್ತಿರುತ್ತದೆ. ಸದ್ದಿಲ್ಲದ ಹೂಂ ಅದು. ಅಲ್ಲಿ ಯಂತ್ರ ಅಡ್ಡ ಬಂದಿಲ್ಲ, ದಾರಿ ಬಿಟ್ಟಿದೆ.

6. ಐದರ ಲೆಕ್ಕ

ಕಿವಿಯಿಲ್ಲದ ಬಾಯಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಎರಡು ಉದಾಹರಣೆಗಳಿವೆ.

2012ರ ಆಗಸ್ಟ್. ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್ ವದಂತಿ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ನಿರ್ಬಂಧ ಹೇರಿತು: ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಇಲ್ಲ.

2018ರ ಜುಲೈ 13. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕು. ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತು. ಗುಂಪಿನ ಏಟಿಗೆ ಒಬ್ಬ ಯುವ ಎಂಜಿನಿಯರ್ ಪ್ರಾಣ ಹೋಯಿತು. ಒಂದು ವಾರದಲ್ಲಿ ವಾಟ್ಸಾಪ್ ಭಾರತಕ್ಕೆ ಹೊಸ ಮಿತಿ ಪ್ರಕಟಿಸಿತು: ಒಂದು ಸಂದೇಶ ಒಮ್ಮೆಗೆ ಐದು ಕಡೆಗೆ ಮಾತ್ರ.

ಎರಡು ಸಲವೂ ಐದು. ಬಾಯಿಯ ವೇಗಕ್ಕೆ ಹಾಕಿದ ಉಬ್ಬು ಅದು. ಬೇಕಿತ್ತು, ಸಾಲದು. ಆ ದಿನಗಳಲ್ಲಿ ದೇಶದ ತುಂಬ ಓಡಾಡಿದ ಒಂದು ವಿಡಿಯೋ ಇತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರ. ಮೂಲದಲ್ಲಿ ಅವರು ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು.

ಅಜ್ಜಿಯ ಮುಂದೆ ಕೂತ ಮಗು ಆ ಕತೆಯನ್ನು ಅರ್ಧಕ್ಕೆ ಬಿಡುತ್ತಿರಲಿಲ್ಲ. 'ಆಮೇಲೆ?' ಎಂದು ಕೇಳುತ್ತಿತ್ತು. ಹೂಂ ಆದಮೇಲೆ ಕೇಳುಗ ಆಡುವ ಎರಡನೆಯ ಮಾತು ಅದೇ, 'ಆಮೇಲೆ?' ಫಾರ್ವರ್ಡ್ ಮಾಡುವವನು ಇದನ್ನು ಕೇಳುವುದಿಲ್ಲ. ಅವನು ಕೇಳುಗನೂ ಅಲ್ಲ, ಹೇಳುವವನೂ ಅಲ್ಲ, ಬರೀ ದಾರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈ ಕೊಪ್ಪಲಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಂಬಿಕೆ ಎಂಬ ಮಡಕೆಗೂ ಅದೇ ಲೆಕ್ಕ.

7. ಮುಗಿಸುವ ಮುನ್ನ

ನಾನು ಈಚೆಗೆ ರೂಢಿಸಿಕೊಂಡಿರುವುದು ಸಣ್ಣದು. ಮನಸ್ಸಿಗೆ ಮುಟ್ಟುವ ವಿಷಯ ಬರೆಯಬೇಕಾದರೆ ಬರೆಯದೆ ಫೋನು ಮಾಡುತ್ತೇನೆ. ಒಪ್ಪದ ಮಾತು ಕಂಡರೆ ಹೆಬ್ಬೆಟ್ಟನ್ನೂ ಒತ್ತದೆ, ಮುನಿಸಿನ ಮುಖವನ್ನೂ ಒತ್ತದೆ, ಮೂರು ಪದ ಕನ್ನಡದಲ್ಲೇ ಬರೆಯುತ್ತೇನೆ: 'ಹೂಂ, ಓದಿದೆ. ಒಪ್ಪಲಾರೆ.' ಮೊದಮೊದಲು ಇದನ್ನು ಜಗಳಕ್ಕೆ ಕರೆ ಎಂದುಕೊಂಡವರು ಉಂಟು. ಈಗ ಇಬ್ಬರು ಮೂವರು 'ಯಾಕೆ?' ಎಂದು ಕೇಳುತ್ತಾರೆ. ಸದ್ಯಕ್ಕೆ ಅಷ್ಟು ಸಾಕು.

ಇಷ್ಟು ಹೊತ್ತು ಒಬ್ಬನೇ ಮಾತಾಡಿದೆ. ಮೈಕು ಹಿಡಿದವನೂ ಒಂದು ಅಶರೀರವಾಣಿಯೇ. ಮುಂದಿನ ಸಾಲಿನ ಅಜ್ಜಿಯೊಬ್ಬರು ಉದ್ದಕ್ಕೂ ತಲೆಯಾಡಿಸುತ್ತಿದ್ದರು, ಅವರನ್ನು ನೋಡಿಕೊಂಡೇ ಇಲ್ಲಿಯವರೆಗೆ ಬಂದೆ. ನಡುವೆ ಎರಡು ಕಡೆ ಅವರ ತಲೆ ಅಡ್ಡಡ್ಡ ಆಡಿದ್ದನ್ನೂ ಕಂಡಿದ್ದೇನೆ. ಈಗ ಮೈಕನ್ನು ಅವರಿಗೇ ಕೊಡುತ್ತೇನೆ. ಅಮ್ಮಾ, ಎಲ್ಲಿ ಊಹೂಂ ಅನ್ನಿಸಿತು, ಹೇಳಿ.