ಹಾಲೋ, ಹಾಳೋ?

ಮನೆಯಲ್ಲಿ ಒಂದು ವಸ್ತು ಪೂರ್ತಿಯಾಗಿ ಕೆಟ್ಟುಹೋದರೆ ಅಷ್ಟು ಚಿಂತೆಯಿಲ್ಲ. ರಿಪೇರಿಯವನನ್ನು ಕರೆಸಬಹುದು, ಇಲ್ಲವೆ ಅಟ್ಟಕ್ಕೆ ಏರಿಸಬಹುದು. ಅರೆಬರೆ ಕೆಟ್ಟ ವಸ್ತುವಿನ ಕಷ್ಟವೇ ಬೇರೆ. ಹತ್ತು ಸಲ ಹೊತ್ತಿಕೊಂಡು ಹನ್ನೊಂದನೆಯ ಸಲ ಮುನಿಯುವ ಒಲೆ, ರಿಪೇರಿಯವನು ಬಂದ ಕೂಡಲೆ ಸರಿಯಾಗಿ ನಡೆಯುವ ಗಡಿಯಾರ, ಇವುಗಳ ಪರಿಚಯ ಕೇಳುಗರಲ್ಲಿ ಬಹುಮಂದಿಗೆ ಇದ್ದೀತು. ನನ್ನ ಕಂಪ್ಯೂಟರು ಮೂರು ವಾರಗಳ ಕಾಲ ಈ ಜಾತಿಗೆ ಸೇರಿತ್ತು.

ನನ್ನ ಅಕ್ಕ ಮಲೆನಾಡಿನ ಹಳ್ಳಿಗಳಲ್ಲಿ ತಿರುಗಿ, ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು ಒಂಬತ್ತು ನೋಟುಬುಕ್ಕುಗಳಲ್ಲಿವೆ. ಆಕೆ ತೀರಿಕೊಂಡ ಮೇಲೆ ಅವು ನನ್ನ ಕೈಗೆ ಬಂದವು. ಎಲ್ಲವೂ ಪೆನ್ಸಿಲಿನ ಬರಹ. ವರ್ಷದಿಂದ ವರ್ಷಕ್ಕೆ ಮಾಸುತ್ತಿದೆ. ಭೂತಗನ್ನಡಿ ಹಿಡಿದು ಅವನ್ನು ಓದುವುದು, ಓದಿದಷ್ಟನ್ನು ಕಂಪ್ಯೂಟರಿಗೆ ಏರಿಸುವುದು, ಇದು ನನ್ನ ನಿವೃತ್ತಿಯ ಉದ್ಯೋಗ. ಪುಟಗಳ ಚಿತ್ರಗಳನ್ನೂ ಜೊತೆಗೆ ಸೇರಿಸಹೊರಟಾಗ 2018ರಲ್ಲಿ ಕೊಂಡ ಆ ಯಂತ್ರ ಏದುಸಿರು ಬಿಡತೊಡಗಿತು. ಬೆಂಗಳೂರಿನಲ್ಲಿರುವ ಅಣ್ಣನ ಮಗ, “ಇನ್ನೊಂದು ರ‍್ಯಾಮ್ ಹಾಕಿಸಿಬಿಡಿ ಚಿಕ್ಕಪ್ಪ” ಎಂದ. ಯಂತ್ರ ತಾನು ಮಾಡುತ್ತಿರುವ ಕೆಲಸವನ್ನು ಆ ಹೊತ್ತಿಗೆ ನೆನಪಿಟ್ಟುಕೊಳ್ಳುವ ಅಂಗ ಅದು. ನೋಡಲು ಬಾಚಣಿಗೆಯಷ್ಟು ಉದ್ದದ ಒಂದು ಹಸಿರು ಹಲಗೆ. ಅಂಗಡಿಯಲ್ಲಿ ಹಳೆಯ 8 ಜಿಬಿಯ ಪಕ್ಕದಲ್ಲಿ ಹೊಸ 8 ಜಿಬಿ ಕುಳಿತಿತು. ಹೇಗೂ ಪೆಟ್ಟಿಗೆ ಬಿಚ್ಚಿದೆಯಲ್ಲ ಎಂದು ಹೊಸದೊಂದು ಪವರ್ ಸಪ್ಲೈಯನ್ನೂ ಹಾಕಿಸಿಕೊಂಡೆ. ಒಂದೇ ದಿನ ಎರಡು ಶುಭಕಾರ್ಯ!

ಮೂರನೆಯ ದಿನ ಸಂಜೆ ಪರದೆ ಇದ್ದಕ್ಕಿದ್ದಂತೆ ನೀಲಿಗೆ ತಿರುಗಿತು. ಏನೋ ಒಂದು ಇಂಗ್ಲಿಷ್ ವಿಷಾದವಾಕ್ಯ ಕಾಣಿಸಿತು. ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ಆಮೇಲೆ ಎರಡು ದಿನ ಸುಮ್ಮನಿದ್ದು, ನಾಲ್ಕನೆಯ ನೋಟುಬುಕ್ಕಿನ ನಡುವೆ ಒಂದೇ ಬೆಳಗ್ಗೆ ಮೂರು ಸಲ ಬಿದ್ದಿತು. ಅದರಲ್ಲಿ ಎರಡು ಸಲ ನನ್ನ ಮನೆಯಾಕೆ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಮನುಷ್ಯನಿಗೆ ಒಂದು ಸಿದ್ಧಾಂತ ಕಟ್ಟಲು ಎರಡು ನಿದರ್ಶನ ಧಾರಾಳವಾಗಿ ಸಾಕು. ಒಂದು ವಾರ ನಮ್ಮ ಮನೆಯ ಚಟ್ನಿ ಒರಳುಕಲ್ಲಿಗೆ ಹೋಯಿತು. ಚಟ್ನಿಯ ರುಚಿ ಹೆಚ್ಚಿತು. ಯಂತ್ರ ಬೀಳುವುದು ಮಾತ್ರ ನಿಲ್ಲಲಿಲ್ಲ.

ಅಣ್ಣನ ಮಗ ಫೋನಿನಲ್ಲೇ ವೈದ್ಯ ಮಾಡಿದ. ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆಯಂತೆ. ತೆರೆದು ನೋಡಿದರೆ ಬಿದ್ದಾಗಲೆಲ್ಲ 41 ಎಂಬ ಸಂಖ್ಯೆಯ ಒಂದು ಟಿಪ್ಪಣಿ. ನಾನು ಹಿಗ್ಗಿದೆ. ಆದರೆ ಅದರ ಅರ್ಥ ‘ಯಂತ್ರ ಕ್ರಮವಾಗಿ ಮುಚ್ಚದೆ ನಿಂತುಹೋಯಿತು’ ಎಂದಷ್ಟೆ. ಬಿದ್ದವನು ಎದ್ದು, ‘ನಾನು ಬಿದ್ದಿದ್ದೆ’ ಎಂದಂತಾಯಿತು! ನಿಜವಾದ ಸುಳಿವು ಸಿಕ್ಕಿದ್ದು ನೀಲಿ ಪರದೆಯಲ್ಲಿ. ಅಲ್ಲಿ ಕಾಣುವ ದೋಷದ ಹೆಸರನ್ನು ಪ್ರತಿಸಲವೂ ಬರೆದಿಡಲು ಅವನು ಹೇಳಿದ್ದ. ಐದು ಸಲಕ್ಕೆ ನಾಲ್ಕು ಬೇರೆ ಬೇರೆ ಹೆಸರುಗಳು ಬಂದಿದ್ದವು. “ಒಂದೇ ಹೆಸರು ಬರುತ್ತಿದ್ದರೆ ಯಾವುದೋ ಒಂದು ತಂತ್ರಾಂಶವನ್ನು ಹಿಡಿಯಬಹುದಿತ್ತು. ಹೀಗೆ ದಿನಕ್ಕೊಂದು ಬಂದರೆ ಬುಡದಲ್ಲೇ ಏನೋ ಅಲುಗುತ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ ಚಿಕ್ಕಪ್ಪ” ಎಂದ.

ಮೊದಲು ಹಳೆಯ ಪವರ್ ಸಪ್ಲೈಯನ್ನೇ ಮತ್ತೆ ಹಾಕಿಸಿದೆ. ಯಂತ್ರ ಬಿದ್ದಿತು. ಉಳಿದದ್ದು ನೆನಪು. ಅದನ್ನು ಪರೀಕ್ಷಿಸಲು ಮೆಮ್‌ಟೆಸ್ಟ್ ಎಂಬ ಒಂದು ಸಣ್ಣ ತಂತ್ರಾಂಶವಿದೆ. ರ‍್ಯಾಮಿನ ಮನೆಮನೆಯಲ್ಲೂ ಒಂದೊಂದು ಅಂಕೆಯನ್ನು ಇಟ್ಟು, ಹಿಂದಿರುಗಿ ಬಂದು, ಇಟ್ಟದ್ದು ಇಟ್ಟಂತೆಯೇ ಇದೆಯೆ ಎಂದು ಕೇಳುವುದು ಅದರ ಕೆಲಸ. ಒಂದು ರಾತ್ರಿ ಹಳೆಯದನ್ನು ಮಾತ್ರ ಇಟ್ಟು ನಡೆಸಿದೆವು, ತಪ್ಪಿಲ್ಲ. ಮರುರಾತ್ರಿ ಹೊಸದನ್ನು ಮಾತ್ರ, ತಪ್ಪಿಲ್ಲ. ಮೂರನೆಯ ರಾತ್ರಿ ಎರಡನ್ನೂ ಕೂಡಿಸಿಟ್ಟೆವು. ಬೆಳಗ್ಗೆ ಎದ್ದು ನೋಡುತ್ತೇನೆ, ಪರದೆಯ ತುಂಬ ಕೆಂಪು ಸಾಲುಗಳು!

ಎರಡೂ ಒಳ್ಳೆಯವೇ, ಜೋಡಿ ಕೆಟ್ಟದ್ದು. ಹಳೆಯದು 2666ರ ವೇಗಕ್ಕೆ ಹೊಂದಿಸಿದ್ದು, ಹೊಸದು 3200ರದು. ಅಂಗಡಿಯಲ್ಲಿ ಎರಡನ್ನೂ 3200ಕ್ಕೆ ಓಡಿಸುವ ಏರ್ಪಾಡು ಮಾಡಿದ್ದರು. ಹೋರಿಯ ಪಕ್ಕಕ್ಕೆ ಮುದಿ ಎತ್ತನ್ನು ಹೂಡಿ ಹೋರಿಯ ನಡಿಗೆಗೆ ಚಾವಟಿ ಬೀಸಿದರೆ ಏನಾದೀತೆಂಬುದು ಯಾವ ರೈತನಿಗೂ ಗೊತ್ತು. ವೇಗವನ್ನು 2666ಕ್ಕೆ ಇಳಿಸಿದೆವು. ಪರೀಕ್ಷೆ ಇಡೀ ರಾತ್ರಿ ನಡೆಯಿತು. ಒಂದು ತಪ್ಪೂ ಬರಲಿಲ್ಲ. ಯಂತ್ರ ಆಮೇಲೆ ಒಮ್ಮೆಯೂ ಬಿದ್ದಿಲ್ಲ. ಮಿಕ್ಸಿ ಮತ್ತೆ ತಿರುಗಿತು.

ಇಲ್ಲಿಗೆ ಮುಗಿಯಿತೆಂದೇ ನಾನೂ ತಿಳಿದಿದ್ದೆ. ಅದೇ ರಾತ್ರಿ ನಿದ್ದೆಯಲ್ಲಿ ಒಂದು ಯೋಚನೆ ಎಬ್ಬಿಸಿತು. ನೆನಪು ತಪ್ಪಿದಾಗಲೆಲ್ಲ ಯಂತ್ರ ಬೀಳಲೇಬೇಕೆ? ಬೀಳದೆ, ತಪ್ಪು ನೆನಪನ್ನೇ ಸತ್ಯವೆಂದು ಬರೆದಿಟ್ಟಿದ್ದರೆ? ಆ ಮೂರು ವಾರಗಳಲ್ಲಿ ನಾನು ನಲವತ್ತು ಪುಟ ಏರಿಸಿದ್ದೆ.

ಹೀಗಾಗುವುದುಂಟು. 2003ರಲ್ಲಿ ಬೆಲ್ಜಿಯಮ್ಮಿನ ಸ್ಕಾರ್‌ಬೇಕ್ ಎಂಬಲ್ಲಿ ಮತ ಎಣಿಸುವ ಕಂಪ್ಯೂಟರು ಒಬ್ಬ ಅಭ್ಯರ್ಥಿಗೆ 4096 ಮತಗಳನ್ನು ಹೆಚ್ಚಾಗಿ ಕೊಟ್ಟಿತು. ನೆನಪಿನಲ್ಲಿ ಸೊನ್ನೆಯೊಂದು ಒಂದಾಗಿರಬೇಕೆಂದು ಊಹಿಸಿದರು. ಬರಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದದ್ದರಿಂದ ಅಲ್ಲಿ ತಪ್ಪು ಸಿಕ್ಕಿಬಿದ್ದಿತು. ಅಕ್ಷರಗಳಿಗೆ ಅಂಥ ಮೇರೆ ಎಲ್ಲಿದೆ? ಯಂತ್ರಕ್ಕೆ ನಮ್ಮ ಅಕ್ಷರವೂ ಒಂದು ಸಂಖ್ಯೆಯೇ. 1991ರ ಯೂನಿಕೋಡ್ ಪಟ್ಟಿ ಬಹುಮಟ್ಟಿಗೆ ನಮ್ಮ ಹಿರಿಯರ ವರ್ಣಮಾಲೆಯ ಕ್ರಮವನ್ನೇ ಹಿಡಿದಿದೆ, ‘ಳ’ ಮಾತ್ರ ಕೊನೆಯಿಂದ ‘ಲ’ದ ಪಕ್ಕಕ್ಕೆ ಬಂದಿದೆ. ‘ತ’ 3236, ‘ಥ’ 3237. ‘ಲ’ 3250, ‘ಳ’ 3251. ‘ಸ’ 3256, ‘ಹ’ 3257. ಕೊನೆಯ ಒಂದೇ ಒಂದು ಸೊನ್ನೆ ಮಗುಚಿದರೆ ಕತೆ ಕಥೆಯಾಗುತ್ತದೆ, ಹಾಲು ಹಾಳಾಗುತ್ತದೆ. ಸಾಧ್ಯತೆ ಸಣ್ಣದು, ನಿಜ. ಆದರೆ ಅನುಮಾನಕ್ಕೆ ದೊಡ್ಡ ಜಾಗ ಬೇಕಾಗಿಲ್ಲ.

ನಲವತ್ತು ಪುಟಗಳನ್ನೂ ನೋಟುಬುಕ್ಕಿನೊಡನೆ ಮತ್ತೆ ಹೋಲಿಸಿದೆ. ಹನ್ನೊಂದು ತಪ್ಪು ಸಿಕ್ಕವು. ಏಳು ನಿಸ್ಸಂದೇಹವಾಗಿ ನನ್ನವೇ. ಉಳಿದ ನಾಲ್ಕರ ಮಾತು ಬೇರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ‘ಲ’ಕಾರದ ಗುಂಡಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ‘ಳ’ಕಾರ, ‘ತ’ಕಾರಕ್ಕೂ ‘ಥ’ಕಾರಕ್ಕೂ ಹಾಗೆಯೇ. ಅಂದರೆ ಯಂತ್ರದ ನೆನಪು ತಪ್ಪಿದರೆ ಯಾವ ತಪ್ಪು ಬರುವುದೋ, ನನ್ನ ಕಿರುಬೆರಳು ತಪ್ಪಿದರೂ ಅದೇ ತಪ್ಪು ಬರುತ್ತದೆ. ಅಪರಾಧಿಯನ್ನು ಗುರುತಿಸುವ ಬಗೆ ಕಾಣದೆ ನಾಲ್ಕನ್ನೂ ತಿದ್ದಿ ಮುಂದೆ ಹೋದೆ.

ಒಂದು ಸಾಲು ಮಾತ್ರ ಹಾಗೆಯೇ ಉಳಿದಿದೆ. ಒಂದು ತೊಟ್ಟಿಲ ಹಾಡು. ಕಂಪ್ಯೂಟರಿನಲ್ಲಿ ‘ಹಾಳು’ ಎಂದಿದೆ. ನೋಟುಬುಕ್ಕಿನಲ್ಲಿ ಆ ಜಾಗ ಪೂರ್ತಿ ಮಾಸಿದೆ. ಅಂದು ನಾನು ಅದನ್ನು ಹೇಗೆ ಓದಿದೆನೋ ಈಗ ನನಗೇ ನೆನಪಿಲ್ಲ. ತೊಟ್ಟಿಲ ಹಾಡಿನಲ್ಲಿ ‘ಹಾಲು’ ಇರಬೇಕಾದದ್ದು ಸಹಜವೆಂದು ತಿದ್ದಬಹುದಿತ್ತು. ಆದರೆ ಕೂಸಿನ ದೃಷ್ಟಿ ತಾಕದಿರಲೆಂದು ತಾಯಿ ‘ಹಾಳು’ ಎಂದು ಹಾಡಿರಲೂಬಹುದು. ಅಂಥದ್ದನ್ನು ತಿದ್ದದೆ ಬರೆದುಕೊಳ್ಳುವುದೇ ಅಕ್ಕನ ಪದ್ಧತಿಯಾಗಿತ್ತು. ಹಾಡಿದಾಕೆ ತೀರಿಕೊಂಡು ಬಹಳ ಕಾಲವಾಯಿತು.

ಅಕ್ಕನ ಜೊತೆ ಆ ಊರಿಗೆ ಒಮ್ಮೆ ಹೋಗಿದ್ದ ನಮ್ಮ ಅತ್ತಿಗೆಗೆ ಆ ಹಾಡು ಅರ್ಧ ಬರುತ್ತದೆಯಂತೆ. ಯಾವ ಅರ್ಧ ಎಂದು ಫೋನಿನಲ್ಲಿ ಕೇಳಿದೆ. ಹಾಡಿಕೊಂಡು ಹೋದರೆ ತಾನೇ ನೆನಪಾಗುವುದು, ದೀಪಾವಳಿಗೆ ಬಂದಾಗ ನೋಡೋಣ ಎಂದರು.