ಬಾಯಿಪಾಠದಲ್ಲಿ ಉಳಿದ ವೇದ

ಹಿಂದೂಗಳ ಮೂಲಗ್ರಂಥ ಯಾವುದು ಅಂದರೆ ತಟ್ಟನೆ ವೇದ ಅಂತೀವಿ. ಆದರೆ ಅದು ಗ್ರಂಥವಾಗಿದ್ದು ಬಹಳ ತಡವಾಗಿ. ಋಗ್ವೇದ ಒಂದರಲ್ಲೇ 1,028 ಸೂಕ್ತಗಳು, ಹತ್ತು ಸಾವಿರಕ್ಕೂ ಹೆಚ್ಚು ಮಂತ್ರಗಳು. ಶತಮಾನಗಟ್ಟಲೆ ಇಷ್ಟೂ ಬಾಯಿಂದ ಬಾಯಿಗೇ ಬಂತು. ಹಾಗಾದರೆ ಎಲ್ಲೂ ಬಾಯಿ ತಪ್ಪಲಿಲ್ಲವೇ?

ಪಾಠಶಾಲೆಯಲ್ಲಿ ಗುರುಗಳು ಒಂದು ಸಲ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳ್ತಾರೆ. ಇದಕ್ಕೆ ಸಂಥೆ ಅಂತಾರೆ. ಆಮೇಲೆ ಉರು ಹೊಡೆಯೋದು. ಸಂಹಿತೆ, ಅಂದರೆ ಸಂಧಿ ಕೂಡಿದ ಮಂತ್ರ, ಬಾಯಿಗೆ ಬಂದ ಮೇಲೆ ಪದಪಾಠ, ಅಂದರೆ ಸಂಧಿ ಬಿಡಿಸಿ ಒಂದೊಂದೇ ಪದ. ನಂತರ ಪದಗಳನ್ನು ಬೇರೆ ಬೇರೆ ರೀತಿ ಹೆಣೆದು ಹೇಳುವ ಕ್ರಮ, ಜಟೆ, ಕೊನೆಗೆ ಘನ.

ಈ ಘನದ ಗಮ್ಮತ್ತು ನೋಡಿ. ಮಂತ್ರದ ಪದಗಳನ್ನು ಒಂದು, ಎರಡು, ಮೂರು ಅಂತ ಇಟ್ಟುಕೊಳ್ಳಿ. ಘನಪಾಠಿಗಳು ಹೇಳೋದು ಹೀಗೆ: ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಒಂದು ಎರಡು ಮೂರು. ಮುಗೀಲಿಲ್ಲ. ಈಗ ಎರಡರಿಂದ ಶುರು: ಎರಡು ಮೂರು, ಮೂರು ಎರಡು, ಎರಡು ಮೂರು ನಾಲ್ಕು... ಪಕ್ಕದ ಪದ ಬದಲಾದ ಹಾಗೆ ಸಂಧಿಯೂ ಸ್ವರವೂ ಬದಲಾಗುತ್ತವೆ, ಅವನ್ನೂ ತಪ್ಪದೆ ಹೇಳಬೇಕು. ಒಬ್ಬರು ಎಡವಿದರೆ ಪಕ್ಕದಲ್ಲಿ ಕೂತವರ ಕಿವಿಗೆ ತಕ್ಷಣ ಚುಚ್ಚುತ್ತದೆ.

ಸ್ವರಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ವೈದಿಕರು ತ್ವಷ್ಟೃವಿನ ಕತೆ ಹೇಳ್ತಾರೆ. ಮಗನನ್ನು ಇಂದ್ರ ಕೊಂದ ಸಿಟ್ಟಿಗೆ, ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಅಂತ ಯಜ್ಞ ಮಾಡಿದ. ‘ಇಂದ್ರಶತ್ರು’ ಅನ್ನುವಾಗ ಉದಾತ್ತ ಸ್ವರದ ಜಾಗ ತಪ್ಪಿ, ‘ಇಂದ್ರನನ್ನು ಕೊಲ್ಲುವವನು’ ಅನ್ನೋ ಅರ್ಥ ‘ಇಂದ್ರನೇ ಯಾರನ್ನು ಕೊಲ್ಲುವನೋ ಅವನು’ ಅಂತಾಯಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ.

ವೇದದಲ್ಲಿ ಒಂದಕ್ಷರವೂ ಕಳೆದಿಲ್ಲ ಅನ್ನೋ ಮಾತು ವಾಟ್ಸಾಪಿನಲ್ಲಿ ಓಡಾಡ್ತಾ ಇರುತ್ತೆ. ಉಳಿದುಕೊಂಡ ಶಾಖೆಗಳ, ಅಂದರೆ ಪಾಠಪರಂಪರೆಗಳ, ಮಟ್ಟಿಗೆ ಹೆಚ್ಚುಕಡಿಮೆ ನಿಜ. ಆದರೆ ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯ ಋಗ್ವೇದಕ್ಕೆ 21, ಯಜುರ್ವೇದಕ್ಕೆ 101 ಶಾಖೆಗಳನ್ನು ಹೇಳುತ್ತದೆ, ಸಾಮವೇದಕ್ಕಂತೂ ಸಾವಿರ. ಇವತ್ತು ಪಾಠದಲ್ಲಿರುವುದು ಬೆರಳೆಣಿಕೆಯಷ್ಟು. ಪದ್ಧತಿ ಗಟ್ಟಿಯಾಗಿತ್ತು, ಕಲಿಯುವವರು ಸಾಲಲಿಲ್ಲ. ಹೆಂಗಸರನ್ನೂ ಶೂದ್ರರನ್ನೂ ಈ ಪಾಠದಿಂದ ದೂರ ಇಟ್ಟಿದ್ದು ನಷ್ಟಕ್ಕೆ ಒಂದು ಕಾರಣ ಅಂತಲೇ ನನ್ನ ಅನಿಸಿಕೆ.

ಯುನೆಸ್ಕೋ 2008ರಲ್ಲಿ ವೇದಪಠಣವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿವಮೊಗ್ಗದ ಪಕ್ಕದ ಮತ್ತೂರಿನಲ್ಲಿ ಈ ಪಾಠ ಈಗಲೂ ನಡೆಯುತ್ತದೆ. ಕೇಳುವ ಆಸೆಯಿದ್ದರೆ ಯಾವುದಾದರೂ ಮಂತ್ರದ ಸಂಹಿತೆಯನ್ನು ಮೊದಲು ಕೇಳಿ, ಆಮೇಲೆ ಅದೇ ಮಂತ್ರದ ಘನ ಹಾಕಿಕೊಳ್ಳಿ. ಅರ್ಥ ಗೊತ್ತಿಲ್ಲದಿದ್ದರೂ ಪದಗಳು ಹಿಂದುಮುಂದಾಗಿ ಬರೋದು ಕಿವಿಗೆ ಸಿಗುತ್ತದೆ.